'ಲರ್ನ್' ಆದಮೇಲೆ ಯಾವುದು ಬರಬೇಕು: ಫ್ರಮ್ಮಾ, ಬೈಯಾ, ಅಬೌಟಾ?

'ಐ ಆಮ್ ಲರ್ನಿಂಗ್ ಇಂಗ್ಲಿಷ್ ಫ್ರಮ್ ಟೂ ಇಯರ್ಸ್.'

ಸಂಜೆ ಹೊತ್ತು ಒಂದಷ್ಟು ಜನಕ್ಕೆ ಇಂಗ್ಲಿಷ್ ಹೇಳಿಕೊಡುತ್ತೇನೆ. ವಾರಕ್ಕೊಮ್ಮೆಯಾದರೂ ಈ ವಾಕ್ಯ ಕಿವಿಗೆ ಬೀಳುತ್ತದೆ. ಹೇಳುವವರು ಚೆನ್ನಾಗಿ ಓದಿಕೊಂಡವರೇ. ಪದಗಳೆಲ್ಲ ಗೊತ್ತು, ಉಚ್ಚಾರಣೆಯೂ ಪರವಾಗಿಲ್ಲ. ಎಡವಿದ್ದು 'ಫ್ರಮ್' ಹತ್ತಿರ. ಅದು ಎಲ್ಲಿಂದ ಬಂತು ಅಂತ ಹುಡುಕಿದರೆ ನಮ್ಮ ಮನೆಮಾತಿನಲ್ಲೇ ಸಿಗುತ್ತದೆ. 'ಎರಡು ವರ್ಷದಿಂದ' ಅನ್ನುವಾಗ ಕೊನೆಗೆ ಬರುವ 'ಇಂದ' ಹಾಗೇ ಇಂಗ್ಲಿಷಿಗೆ ದಾಟಿಬಿಟ್ಟಿದೆ.

ಕನ್ನಡದಲ್ಲಿ ಪ್ರತ್ಯಯ ಹೆಸರಿಗೆ ಅಂಟಿಕೊಳ್ಳುತ್ತದೆ. ಅಮ್ಮ, ಅಮ್ಮನಿಂದ, ಅಮ್ಮನಿಗೆ, ಅಮ್ಮನಲ್ಲಿ. ಇಂಗ್ಲಿಷಿನಲ್ಲಿ ಆ ಕೆಲಸ ಮಾಡುವುದು ಪ್ರಿಪೊಸಿಷನ್. ಆದರೆ ಯಾವ ಪ್ರಿಪೊಸಿಷನ್ ಬರಬೇಕು ಅಂತ ತೀರ್ಮಾನಿಸುವುದು ಬಹಳ ಸಲ ಅದರ ಹಿಂದೆ ಇರುವ ಕ್ರಿಯಾಪದ. 'ಟೀಚ್' ಒಂದು ಕೇಳಿದರೆ 'ಎಕ್ಸ್‌ಪ್ಲೇನ್' ಇನ್ನೊಂದು ಕೇಳುತ್ತದೆ. ಹಾಗಾಗಿ 'ಇಂದ ಅಂದರೆ ಫ್ರಮ್, ಗೆ ಅಂದರೆ ಟು' ಅಂತ ಪಟ್ಟಿ ಮಾಡಿಕೊಂಡರೆ ಅರ್ಧ ದಾರಿಯಲ್ಲಿ ಕೈಕೊಡುತ್ತದೆ. ಕ್ರಿಯಾಪದವನ್ನು ಅದರ ಜೊತೆಗಾರನ ಸಮೇತ ಕಲಿಯಬೇಕು. ಕಲಿಯುವುದು, ಓದುವುದು, ಕಲಿಸುವುದು, ಈ ಮೂರರ ಸುತ್ತ ಇರುವ ಜೋಡಿಗಳನ್ನಷ್ಟೇ ಇಲ್ಲಿ ಒಂದೊಂದಾಗಿ ನೋಡೋಣ. ಕೈಯಲ್ಲಿ ಪೆನ್ನು ಇದ್ದರೆ ಒಳ್ಳೆಯದು.

ಹೆಜ್ಜೆ 1: ಏನೂ ಬೇಡದ ಜಾಗ ಗುರುತಿಸಿ

'ಏನನ್ನು ಕಲಿತೆ?' ಅಂತ ಕೇಳಿಕೊಳ್ಳಿ. ಅದರ ಉತ್ತರಕ್ಕೆ ಪ್ರಿಪೊಸಿಷನ್ ಬೇಡ. 'ಐ ಲರ್ನ್ಡ್ ಇಂಗ್ಲಿಷ್.' 'ಶಿ ಸ್ಟಡೀಡ್ ಲಾ.' ಇಲ್ಲಿ ಸಾಮಾನ್ಯವಾಗಿ ಯಾರೂ ತಪ್ಪುವುದಿಲ್ಲ. ಕನ್ನಡದಲ್ಲಿ 'ಗೆ' ಅಥವಾ 'ಬಗ್ಗೆ' ಇದ್ದು ಇಂಗ್ಲಿಷಿನಲ್ಲಿ ಏನೂ ಇಲ್ಲದ ಕಡೆ ಮಾತ್ರ ಕಷ್ಟ.

ಕ್ಲಾಸಿಗೆ ಹಾಜರಾದೆ ಅನ್ನುತ್ತೇವೆ. ಇಂಗ್ಲಿಷಿನಲ್ಲಿ 'ಐ ಅಟೆಂಡೆಡ್ ದ ಕ್ಲಾಸ್', ಅಷ್ಟೇ. 'ಅಟೆಂಡೆಡ್ ಟು' ಅಂದರೆ ಅರ್ಥವೇ ಬೇರೆ. ನರ್ಸ್ ರೋಗಿಯನ್ನು ನೋಡಿಕೊಳ್ಳುವುದು 'ಅಟೆಂಡ್ ಟು'. ಕಾಲೇಜಿಗೆ ಸೇರಿದೆ ಅಂದರೆ 'ಐ ಜಾಯಿನ್ಡ್ ದ ಕಾಲೇಜ್'. ಪಾಠದ ಬಗ್ಗೆ ಚರ್ಚಿಸಿದೆವು ಅಂದರೆ 'ವಿ ಡಿಸ್ಕಸ್ಡ್ ದ ಲೆಸನ್', 'ಅಬೌಟ್' ಬೇಡ. ಪ್ರಶ್ನೆಗೆ ಉತ್ತರಿಸಿದೆ ಅಂದರೆ 'ಐ ಆನ್ಸರ್ಡ್ ದ ಕ್ವೆಶ್ಚನ್'.

ಇಲ್ಲಿ ಒಂದು ಸೂಕ್ಷ್ಮ ಇದೆ. 'ಡಿಸ್ಕಸ್', 'ಆನ್ಸರ್' ಕ್ರಿಯಾಪದವಾಗಿ ಬಂದಾಗ ಮಾತ್ರ ಈ ಮಾತು. ಹೆಸರಾಗಿ ಬಂದರೆ ಪ್ರಿಪೊಸಿಷನ್ ಮತ್ತೆ ಹಾಜರಾಗುತ್ತದೆ: 'ಅ ಡಿಸ್ಕಷನ್ ಅಬೌಟ್ ದ ಲೆಸನ್', 'ದಿ ಆನ್ಸರ್ ಟು ದ ಕ್ವೆಶ್ಚನ್'. ಎರಡೂ ಸರಿಯಾಗಿ ಕೇಳಿಸುವುದರಿಂದಲೇ ಜನ ಇವನ್ನು ಬೆರೆಸಿಬಿಡುತ್ತಾರೆ.

ಹೆಜ್ಜೆ 2: 'ಇಂದ' ಬಂದ ಕಡೆ ನಿಲ್ಲಿ

ಇದೇ ದೊಡ್ಡ ಹೆಜ್ಜೆ. ಕಲಿಕೆಯ ಮಾತಿನಲ್ಲಿ ನಮ್ಮ 'ಇಂದ' ನಾಲ್ಕು ಬೇರೆ ಬೇರೆ ಕೆಲಸ ಮಾಡುತ್ತದೆ, ಒಂದರಲ್ಲಿ ಮಾತ್ರ ಅಡಗಿಕೊಂಡಿರುತ್ತದೆ.

ಶಾಲೆಯ ವ್ಯಾಕರಣದ ವಿಭಕ್ತಿ ಪಟ್ಟಿ ನೆನಪಿದೆಯಾ? ತೃತೀಯೆಗೆ 'ಇಂದ', ಪಂಚಮಿಗೆ 'ದೆಸೆಯಿಂದ'. ಆದರೆ 'ಮರದ ದೆಸೆಯಿಂದ ಹಣ್ಣು ಬಿತ್ತು' ಅಂತ ಯಾರಾದರೂ ಮಾತಾಡುತ್ತಾರಾ? ಮರದಿಂದ ಹಣ್ಣು ಬಿತ್ತು, ಕತ್ತಿಯಿಂದ ಹಣ್ಣು ಕೊಯ್ದೆ. ಎರಡಕ್ಕೂ ಒಂದೇ 'ಇಂದ'. ಎಲ್ಲಿಂದ ಬಂತು ಅನ್ನುವುದಕ್ಕೂ, ಯಾವುದರ ಮೂಲಕ ಆಯಿತು ಅನ್ನುವುದಕ್ಕೂ ಮಾತಿನಲ್ಲಿ ನಾವು ಒಂದೇ ಪ್ರತ್ಯಯ ಬಳಸುತ್ತೇವೆ. ಇಂಗ್ಲಿಷ್ ಇವೆರಡನ್ನೂ ಬೇರೆ ಇಡುತ್ತದೆ. ಈ ಮಾತು ಮನಸ್ಸಿಗೆ ಹತ್ತಿದ ಮೇಲೆ ನನ್ನ ತರಗತಿಯಲ್ಲಿ ಎಷ್ಟೋ ಜನ 'ಓ, ಹಾಗಾ!' ಅಂದಿದ್ದಾರೆ. ಅದಕ್ಕೇ ಇಷ್ಟು ಹೇಳುತ್ತಿದ್ದೇನೆ.

ಮೊದಲನೆಯದು, ಯಾರಿಂದ ಕಲಿತದ್ದು. ಇಲ್ಲಿ 'ಫ್ರಮ್'. 'ಐ ಲರ್ನ್ಡ್ ದಿಸ್ ರೆಸಿಪಿ ಫ್ರಮ್ ಮೈ ಗ್ರ್ಯಾಂಡ್‌ಮದರ್.' ಅಜ್ಜಿ ಇಲ್ಲಿ ಮೂಲ, ವಿದ್ಯೆ ಅವರಿಂದ ಹೊರಟು ನನ್ನ ಹತ್ತಿರ ಬಂತು. ತಪ್ಪಿನಿಂದ ಕಲಿಯುವುದೂ ಹೀಗೇ: 'ಲರ್ನ್ ಫ್ರಮ್ ಮಿಸ್ಟೇಕ್ಸ್'. ಪುಸ್ತಕದಿಂದ ಅಂದರೂ 'ಫ್ರಮ್ ಅ ಬುಕ್'.

ಎರಡನೆಯದು, ಏನು ಮಾಡಿ ಕಲಿತದ್ದು. ಇಲ್ಲಿ 'ಬೈ', ಅದಾದ ಕೂಡಲೇ 'ಇಂಗ್' ಹಚ್ಚಿದ ಕ್ರಿಯಾಪದ. 'ಐ ಲರ್ನ್ಡ್ ಕುಕಿಂಗ್ ಬೈ ವಾಚಿಂಗ್ ಮೈ ಮದರ್.' ಕನ್ನಡದಲ್ಲಿ ಇದನ್ನು ನಾವು ಎಷ್ಟು ಚಂದ ಹೇಳುತ್ತೇವೆ ನೋಡಿ: ಅಮ್ಮನನ್ನು ನೋಡಿ ನೋಡಿ ಕಲಿತೆ, ಬಿದ್ದು ಎದ್ದು ಕಲಿತೆ, ಮಾಡ್ತಾ ಮಾಡ್ತಾ ಕಲಿತೆ. ಇಲ್ಲಿ 'ಇಂದ' ಕಾಣುವುದೇ ಇಲ್ಲ. ಹಾಗಾಗಿ ಇಂಗ್ಲಿಷಿಗೆ ಹೋದಾಗ 'ಬೈ' ಬೇಕು ಅಂತ ಹೊಳೆಯುವುದಿಲ್ಲ. 'ಐ ಲರ್ನ್ಡ್ ಸೀಯಿಂಗ್ ಮೈ ಮದರ್' ಅಂದುಬಿಡುತ್ತೇವೆ. ಕನ್ನಡದಲ್ಲಿ 'ನೋಡಿ', 'ಕೇಳಿ', 'ಬರೆದು' ಅಂತ ಕ್ರಿಯೆ ಬಂದು ಆಮೇಲೆ 'ಕಲಿತೆ' ಬಂದರೆ, ಇಂಗ್ಲಿಷಿನಲ್ಲಿ 'ಬೈ' ಇಡಬೇಕು ಅಂತ ಗುರುತು ಹಾಕಿಕೊಳ್ಳಿ.

ಮೂರನೆಯದು, ಯಾವ ದಾರಿಯಲ್ಲಿ ಹಾದು ಕಲಿತದ್ದು. ಇಲ್ಲಿ 'ಥ್ರೂ'. 'ಚಿಲ್ಡ್ರನ್ ಲರ್ನ್ ಥ್ರೂ ಪ್ಲೇ.' 'ಐ ಲರ್ನ್ಡ್ ಇಟ್ ಥ್ರೂ ಪ್ರಾಕ್ಟೀಸ್.' ಆಟ, ಅಭ್ಯಾಸ, ಹಾಡು, ಆನ್‌ಲೈನ್ ಕೋರ್ಸು, ಹೀಗೆ ಒಂದು ದಾರಿಯೋ ಮಾಧ್ಯಮವೋ ಇದ್ದಾಗ ಇದು ಹೊಂದುತ್ತದೆ. 'ಅನುಭವದಿಂದ' ಅನ್ನುವುದಕ್ಕೆ 'ಫ್ರಮ್', 'ಥ್ರೂ', 'ಬೈ' ಮೂರೂ ನಡೆಯುತ್ತವೆ. ಅಲ್ಲಿ ತಲೆ ಕೆಡಿಸಿಕೊಳ್ಳಬೇಡಿ.

ನಾಲ್ಕನೆಯದು, ಎಷ್ಟು ಕಾಲದಿಂದ. ಇಲ್ಲಿ 'ಫ್ರಮ್' ಪೂರ್ತಿ ಬಿಟ್ಟುಬಿಡಿ. ಅವಧಿ ಹೇಳುವುದಾದರೆ 'ಫಾರ್', ಶುರುವಾದ ಗಳಿಗೆ ಹೇಳುವುದಾದರೆ 'ಸಿನ್ಸ್'. ಎರಡು ವರ್ಷದಿಂದ ಅಂದರೆ 'ಫಾರ್ ಟೂ ಇಯರ್ಸ್'. 2022ರಿಂದ ಅಂದರೆ 'ಸಿನ್ಸ್ 2022'. ಚಿಕ್ಕಂದಿನಿಂದ ಅಂದರೆ 'ಸಿನ್ಸ್ ಚೈಲ್ಡ್‌ಹುಡ್'. ಜೊತೆಗೆ ಕ್ರಿಯಾಪದವೂ ಬದಲಾಗಬೇಕು. 'ಕಲಿಯುತ್ತಿದ್ದೇನೆ' ಅಂದ ಕೂಡಲೇ 'ಐ ಆಮ್ ಲರ್ನಿಂಗ್' ಅಂತ ಬಾಯಿಗೆ ಬರುತ್ತದೆ. ಆದರೆ ಆಗಲೇ ಶುರುವಾಗಿ ಇನ್ನೂ ನಡೆಯುತ್ತಿರುವುದಕ್ಕೆ 'ಐ ಹ್ಯಾವ್ ಬೀನ್ ಲರ್ನಿಂಗ್' ಬೇಕು. ಅಲ್ಲಿಗೆ ಮೊದಲ ವಾಕ್ಯ ಸರಿಹೋಯಿತು: 'ಐ ಹ್ಯಾವ್ ಬೀನ್ ಲರ್ನಿಂಗ್ ಇಂಗ್ಲಿಷ್ ಫಾರ್ ಟೂ ಇಯರ್ಸ್.' ಇದನ್ನು ಹತ್ತು ಸಲ ಜೋರಾಗಿ ಹೇಳಿ. ಇಂಟರ್‌ವ್ಯೂನಲ್ಲಿ ಇದೇ ಅಚ್ಚಿನ ವಾಕ್ಯ ಖಂಡಿತ ಬೇಕಾಗುತ್ತದೆ.

ಒಂದು ತಿಂಗಳಲ್ಲಿ ಕಲಿತೆ ಅನ್ನುವಾಗ ಮಾತ್ರ ಎರಡೂ ಭಾಷೆ ಒಂದೇ ದಾರಿ ಹಿಡಿಯುತ್ತವೆ. 'ಅಲ್ಲಿ'ಗೆ 'ಇನ್': 'ಐ ಲರ್ನ್ಡ್ ಇಟ್ ಇನ್ ಅ ಮಂತ್.'

ಹೆಜ್ಜೆ 3: ಕಲಿತದ್ದಾ, ಅದರ ಬಗ್ಗೆ ತಿಳಿದದ್ದಾ?

'ಐ ಲರ್ನ್ಡ್ ಯಕ್ಷಗಾನ' ಅಂದರೆ ನಿಮಗೆ ಹೆಜ್ಜೆ ಹಾಕಲು ಬರುತ್ತದೆ. 'ಐ ಲರ್ನ್ಡ್ ಅಬೌಟ್ ಯಕ್ಷಗಾನ' ಅಂದರೆ ತೆಂಕುತಿಟ್ಟು, ಬಡಗುತಿಟ್ಟು, ಭಾಗವತರು, ಚೆಂಡೆ, ಇದೆಲ್ಲ ಏನು ಅಂತ ತಿಳಿದುಕೊಂಡಿದ್ದೀರಿ. ಕುಣಿಯಲು ಬರಬೇಕಾಗಿಲ್ಲ. ಒಂದು 'ಅಬೌಟ್' ಇಷ್ಟು ವ್ಯತ್ಯಾಸ ಮಾಡುತ್ತದೆ.

ರೆಸ್ಯುಮೆ ಬರೆಯುವಾಗ ಇದು ತುಂಬ ಮುಖ್ಯ. 'ಲರ್ನ್ಡ್ ಜಾವಾ' ಅಂತ ಬರೆದರೆ ಕೋಡ್ ಬರೆಯಲು ಕೂರಿಸುತ್ತಾರೆ. 'ಲರ್ನ್ಡ್ ಅಬೌಟ್ ಜಾವಾ' ಅಂದರೆ ಪರಿಚಯ ಇದೆ ಅಂತ ಮಾತ್ರ. ಚೆನ್ನಾಗಿ ಬರುವ ವಿಷಯಕ್ಕೆ ಸುಮ್ನೆ 'ಅಬೌಟ್' ಸೇರಿಸಿ ನಿಮ್ಮ ಬೆಲೆ ಕಡಿಮೆ ಮಾಡಿಕೊಳ್ಳಬೇಡಿ. ಗೊತ್ತಿಲ್ಲದ್ದರ ಮುಂದೆ ಅದನ್ನು ಬಿಡಲೂಬೇಡಿ.

ಇನ್ನೊಂದು ಇದೆ, 'ಲರ್ನ್ ಆಫ್'. ಇಲ್ಲಿ 'ಲರ್ನ್' ಅಂದರೆ ಕಲಿಯುವುದು ಅಲ್ಲ, ಸುದ್ದಿ ತಿಳಿಯುವುದು. 'ಐ ಲರ್ನ್ಡ್ ಆಫ್ ಹಿಸ್ ಡೆತ್ ಫ್ರಮ್ ದ ನ್ಯೂಸ್‌ಪೇಪರ್' ಅಂದರೆ ಅವರು ತೀರಿಕೊಂಡ ಸುದ್ದಿ ಪತ್ರಿಕೆಯಿಂದ ತಿಳಿಯಿತು. ಕೆಲಸದ ಅರ್ಜಿಯಲ್ಲಿ ಇದು ಚೆನ್ನಾಗಿ ಒಪ್ಪುತ್ತದೆ: 'ಐ ಲರ್ನ್ಡ್ ಆಫ್ ದಿಸ್ ವೇಕೆನ್ಸಿ ಫ್ರಮ್ ಯುವರ್ ವೆಬ್‌ಸೈಟ್.' ಇಲ್ಲಿ 'ಅಬೌಟ್' ಹಾಕಿದರೂ ತಪ್ಪಲ್ಲ. 'ಆಫ್' ಸ್ವಲ್ಪ ಗಂಭೀರ, ಬರವಣಿಗೆಗೆ ಹೊಂದುತ್ತದೆ.

'ನೋ' ಕೂಡ ಇದೇ ಮನೆತನದ್ದು. 'ಐ ನೋ ಹಿಮ್' ಅಂದರೆ ಪರಿಚಯ ಇದೆ. 'ಐ ನೋ ಆಫ್ ಹಿಮ್' ಅಂದರೆ ಹೆಸರು ಕೇಳಿದ್ದೇನೆ, ಮಾತಾಡಿಲ್ಲ.

ಹೆಜ್ಜೆ 4: 'ಸ್ಟಡಿ' ಜೊತೆ ಯಾರು, ಎಲ್ಲಿ, ಯಾವುದಕ್ಕೆ

ಒಂದು ವಾಕ್ಯ ಬಾಯಿಗೆ ಹತ್ತಿಸಿಕೊಳ್ಳಿ: 'ಅಂಬೇಡ್ಕರ್ ಸ್ಟಡೀಡ್ ಅಂಡರ್ ಜಾನ್ ಡ್ಯೂಯಿ ಅಟ್ ಕೊಲಂಬಿಯಾ ಯೂನಿವರ್ಸಿಟಿ ಇನ್ ನ್ಯೂಯಾರ್ಕ್.' 1913ರಲ್ಲಿ ಅಂಬೇಡ್ಕರ್ ಅಲ್ಲಿಗೆ ಓದಲು ಹೋದರು, ತತ್ವಜ್ಞಾನಿ ಡ್ಯೂಯಿ ಅವರಿಗೆ ಪಾಠ ಹೇಳಿದರು. ಮೂರು ಪ್ರಿಪೊಸಿಷನ್ ಒಂದೇ ಸಾಲಿನಲ್ಲಿ ಸಿಕ್ಕವು. ಗುರುವಿಗೆ 'ಅಂಡರ್', ಸಂಸ್ಥೆಗೆ 'ಅಟ್', ಊರಿಗೆ 'ಇನ್'.

'ಅಂಡರ್' ಅನ್ನುವುದನ್ನು ಕೈಕೆಳಗೆ ಅಂತ ತಿಳಿಯಬೇಡಿ. ಕನ್ನಡದಲ್ಲಿ 'ಅವರ ಹತ್ತಿರ ಕಲಿತೆ', 'ಅವರ ಹತ್ತಿರ ಪಾಠ ಹೇಳಿಸಿಕೊಂಡೆ' ಅನ್ನುತ್ತೇವಲ್ಲ, ಅದೇ ಇದು. ಭೀಮಸೇನ ಜೋಶಿ ಕುಂದಗೋಳದಲ್ಲಿ ಸವಾಯಿ ಗಂಧರ್ವರ ಹತ್ತಿರ ಸಂಗೀತ ಕಲಿತರು. ಇಂಗ್ಲಿಷಿನಲ್ಲಿ 'ಸ್ಟಡೀಡ್ ಅಂಡರ್ ಸವಾಯಿ ಗಂಧರ್ವ'. ಗಂಗೂಬಾಯಿ ಹಾನಗಲ್ ಅವರಿಗೂ ಇದೇ ಮಾತು. ಹೆಸರಾಂತ ಗುರುವಿನ ಹತ್ತಿರ ನಿಷ್ಠೆಯಿಂದ ಕಲಿತದ್ದಕ್ಕೆ ಈ ಪದ. ಟ್ಯೂಷನ್ ಮೇಷ್ಟ್ರಿಗೆ 'ಲರ್ನ್ಡ್ ಫ್ರಮ್' ಸಾಕು.

ಸಂಸ್ಥೆಯ ವಿಷಯಕ್ಕೆ ಬಂದರೆ 'ಐ ಸ್ಟಡೀಡ್ ಫ್ರಮ್ ಮೈಸೂರ್ ಯೂನಿವರ್ಸಿಟಿ', 'ಐ ಡಿಡ್ ಮೈ ಬಿಕಾಂ ಫ್ರಮ್ ದಟ್ ಕಾಲೇಜ್', ಇವು ನಮ್ಮ ಕಡೆ ಎಲ್ಲೆಲ್ಲೂ ಕೇಳಿಸುತ್ತವೆ. ಎರಡರಲ್ಲೂ 'ಅಟ್' ಬೇಕು. 'ಸ್ಟಡಿ ಫ್ರಮ್' ಅಂದರೆ ಪುಸ್ತಕವನ್ನೋ ನೋಟ್ಸನ್ನೋ ಇಟ್ಟುಕೊಂಡು ಓದುವುದು. ಹಾಗಾದರೆ ಈ 'ಫ್ರಮ್' ನುಗ್ಗಿದ್ದು ಎಲ್ಲಿಂದ? 'ಗ್ರ್ಯಾಜುಯೇಟ್' ಇಂದ. 'ಐ ಗ್ರ್ಯಾಜುಯೇಟೆಡ್ ಫ್ರಮ್ ಮೈಸೂರ್ ಯೂನಿವರ್ಸಿಟಿ' ಅನ್ನುವುದು ಸರಿ, ಯಾಕೆಂದರೆ ಅಲ್ಲಿಂದ ಡಿಗ್ರಿ ತೆಗೆದುಕೊಂಡು ಹೊರಬಂದಿರಿ. ಓದುವಾಗ ಒಳಗೇ ಇದ್ದಿರಿ, ಅದಕ್ಕೆ 'ಅಟ್'. ವಿಷಯ ಹೇಳುವುದಾದರೆ 'ಗ್ರ್ಯಾಜುಯೇಟೆಡ್ ಇನ್ ಕಾಮರ್ಸ್'.

ತರಗತಿಗೆ 'ಇನ್': 'ಮೈ ಡಾಟರ್ ಈಸ್ ಇನ್ ಟೆಂತ್ ಸ್ಟ್ಯಾಂಡರ್ಡ್.' ಮಾಧ್ಯಮಕ್ಕೂ ಅದೇ: 'ಐ ಸ್ಟಡೀಡ್ ಇನ್ ಕನ್ನಡ ಮೀಡಿಯಂ.' ಈ ವಾಕ್ಯವನ್ನು ತಲೆ ಎತ್ತಿ ಹೇಳಿ. ನಾನೂ ಕನ್ನಡ ಮೀಡಿಯಂನಲ್ಲೇ ಓದಿದ್ದು.

ಪರೀಕ್ಷೆಗೆ ಓದುತ್ತಿದ್ದೇನೆ ಅನ್ನುವ 'ಗೆ', 'ಟು' ಆಗುವುದಿಲ್ಲ, 'ಫಾರ್' ಆಗುತ್ತದೆ. 'ಸ್ಟಡಿ ಫಾರ್ ದಿ ಎಕ್ಸಾಮ್', 'ಪ್ರಿಪೇರ್ ಫಾರ್ ದಿ ಎಕ್ಸಾಮ್', 'ರಿವೈಸ್ ಫಾರ್ ದಿ ಎಕ್ಸಾಮ್'. ಮೂರಕ್ಕೂ ಒಂದೇ ಜೊತೆಗಾರ. ಅಂದ ಹಾಗೆ, ಪರೀಕ್ಷೆ ಬರೆದೆ ಅನ್ನುವುದಕ್ಕೆ ಅಮೆರಿಕದಲ್ಲಿ 'ಟುಕ್ ದಿ ಎಕ್ಸಾಮ್', ಬ್ರಿಟನ್ನಿನಲ್ಲಿ 'ಸ್ಯಾಟ್ ದಿ ಎಕ್ಸಾಮ್' ಜಾಸ್ತಿ ಬಳಕೆ. 'ಗೇವ್ ದಿ ಎಕ್ಸಾಮ್' ಅಂದರೆ ಅಲ್ಲಿಯವರು ನೀವು ಪರೀಕ್ಷೆ ನಡೆಸಿದ ಮೇಷ್ಟ್ರು ಅಂದುಕೊಳ್ಳಬಹುದು.

ಹೆಜ್ಜೆ 5: 'ಟೀಚ್' ಮತ್ತು 'ಎಕ್ಸ್‌ಪ್ಲೇನ್' ಬೇರೆ ಬೇರೆ ಇಡಿ

ಅವರು ನನಗೆ ಕಲಿಸಿದರು. 'ನನಗೆ' ಇದೆಯಲ್ಲ ಅಂತ 'ಹಿ ಟಾಟ್ ಟು ಮಿ' ಅನ್ನಬೇಡಿ. 'ಹಿ ಟಾಟ್ ಮಿ.' 'ಹಿ ಟಾಟ್ ಮಿ ಮ್ಯಾಥ್ಸ್.' ವಿಷಯ ಮೊದಲು ಬಂದು ವ್ಯಕ್ತಿ ಆಮೇಲೆ ಬಂದರೆ ಮಾತ್ರ 'ಟು': 'ಹಿ ಟೀಚಸ್ ಮ್ಯಾಥ್ಸ್ ಟು ಪಿಯುಸಿ ಸ್ಟೂಡೆಂಟ್ಸ್.'

ಇಷ್ಟು ಕಲಿತ ಉತ್ಸಾಹದಲ್ಲಿ ಜನ 'ಹಿ ಎಕ್ಸ್‌ಪ್ಲೇನ್ಡ್ ಮಿ' ಅಂದುಬಿಡುತ್ತಾರೆ. ಅಲ್ಲಿ ನಿಯಮ ತಿರುಗಿಬೀಳುತ್ತದೆ. 'ಎಕ್ಸ್‌ಪ್ಲೇನ್'ಗೆ 'ಟು' ಬೇಕೇ ಬೇಕು: 'ಹಿ ಎಕ್ಸ್‌ಪ್ಲೇನ್ಡ್ ದ ಸಮ್ ಟು ಮಿ.' 'ಟೆಲ್' ಮತ್ತು 'ಸೇ' ಕೂಡ ಹೀಗೇ ಬೇರೆ ಬೇರೆ: 'ಟೋಲ್ಡ್ ಮಿ', ಆದರೆ 'ಸೆಡ್ ಟು ಮಿ'. ಕನ್ನಡದಲ್ಲಿ ನಾಲ್ಕಕ್ಕೂ 'ನನಗೆ' ಒಂದೇ. ಹಾಗಾಗಿ ಕನ್ನಡ ಇಲ್ಲಿ ದಾರಿ ತೋರಿಸುವುದಿಲ್ಲ. ಈ ನಾಲ್ಕನ್ನು ಒಂದು ಚೀಟಿಯಲ್ಲಿ ಬರೆದು ಕನ್ನಡಿಗೆ ಅಂಟಿಸಿಡಿ.

ಈಜು, ಸೈಕಲ್ಲು, ಹೊಲಿಗೆಯಂತಹ ಕೆಲಸ ಕಲಿಸಿದ್ದಾದರೆ 'ಶಿ ಟಾಟ್ ಮಿ ಟು ಸ್ವಿಮ್' ಅಥವಾ 'ಶಿ ಟಾಟ್ ಮಿ ಹೌ ಟು ಸ್ವಿಮ್'. ಕಲಿತದ್ದಾದರೆ 'ಐ ಲರ್ನ್ಡ್ ಟು ಸ್ವಿಮ್'. ಈ 'ಟು' ಆದಮೇಲೆ ಮೂಲ ಕ್ರಿಯಾಪದ ಬರುತ್ತದೆ. ಆದರೆ 'ಲುಕ್ ಫಾರ್ವರ್ಡ್ ಟು' ಆದಮೇಲೆ 'ಇಂಗ್' ಬರುತ್ತದೆ: 'ಐ ಲುಕ್ ಫಾರ್ವರ್ಡ್ ಟು ಲರ್ನಿಂಗ್ ಫ್ರಮ್ ಯು.' ಹೊಸ ಕೆಲಸಕ್ಕೆ ಸೇರುವಾಗ ಬರೆಯುವ ಇಮೇಲಿಗೆ ಇದು ಬಹಳ ಒಳ್ಳೆಯ ಸಾಲು.

ಹೆಜ್ಜೆ 6: ಕನ್ನಡವಾಗಿಬಿಟ್ಟ ಇಂಗ್ಲಿಷನ್ನು ಬಿಡಿಸಿ

'ಪದ್ಯ ಬೈಹಾರ್ಟ್ ಮಾಡು' ಅಂತ ಮೇಷ್ಟ್ರು ಹೇಳಿದ್ದನ್ನು ಕೇಳಿಕೊಂಡೇ ನಾವೆಲ್ಲ ಬೆಳೆದವರು. ನಮಗೆ ಅದು ಒಂದೇ ಪದ, ಕನ್ನಡದ್ದೇ ಕ್ರಿಯಾಪದ. ಅದಕ್ಕೇ 'ಐ ಬೈಹಾರ್ಟೆಡ್ ದ ಪೊಯೆಮ್' ಅನ್ನುತ್ತೇವೆ. ಇಂಗ್ಲಿಷಿನಲ್ಲಿ ಅದು ಎರಡು ಪದ, 'ಬೈ' ಮತ್ತು 'ಹಾರ್ಟ್', ಜೊತೆಗೆ ಬೇರೆ ಕ್ರಿಯಾಪದ ಬೇಕು: 'ಐ ಲರ್ನ್ಡ್ ದ ಪೊಯೆಮ್ ಬೈ ಹಾರ್ಟ್.' ಇದು ನಮ್ಮ ಬಾಯಿಪಾಠ. 'ಲರ್ನ್ ಬೈ ರೋಟ್' ಅಂತಲೂ ಇದೆ. ಅದು ಗಿಣಿಪಾಠ, ಅರ್ಥ ಗೊತ್ತಿಲ್ಲದೆ ಒಪ್ಪಿಸುವುದು. ಎರಡಕ್ಕೂ ನಮ್ಮಲ್ಲಿ ಬೇರೆ ಪದ ಇರುವುದರಿಂದ ನೆನಪಿಡುವುದು ಸುಲಭ, ಅಲ್ವಾ?

'ಪಾಸ್ ಔಟ್' ಇನ್ನೊಂದು. '2018ರಲ್ಲಿ ಪಾಸ್‌ಔಟ್ ಆದೆ' ಅಂತ ನಾವು ಹೇಳಿದರೆ ಇಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ. ಅಮೆರಿಕದವರ ಮುಂದೆ ಹೇಳಿದರೆ ಪ್ರಜ್ಞೆ ತಪ್ಪಿ ಬಿದ್ದೆ ಅಂತ ಅರ್ಥ. ಅಲ್ಲಿ 'ಗ್ರ್ಯಾಜುಯೇಟೆಡ್' ಬಳಸಿ. ಅರ್ಧಕ್ಕೆ ಬಿಟ್ಟಿದ್ದರೆ 'ಡ್ರಾಪ್ಡ್ ಔಟ್ ಆಫ್ ಕಾಲೇಜ್', ಇಲ್ಲಿ 'ಆಫ್' ಮರೆಯಬೇಡಿ. ಕೋರ್ಸಿಗೆ ಹೆಸರು ನೋಂದಾಯಿಸಿದ್ದಕ್ಕೆ 'ಎನ್ರೋಲ್ಡ್ ಇನ್ ಅ ಕೋರ್ಸ್'. ಬ್ರಿಟನ್ನಿನವರು 'ಆನ್ ಅ ಕೋರ್ಸ್' ಅನ್ನುವುದೂ ಉಂಟು.

'ಪಿಕ್ ಅಪ್' ಅಂದರೆ ನಮಗೆ ಬಸ್ ಸ್ಟ್ಯಾಂಡಿನಿಂದ ಕರೆತರುವುದು. ಕಲಿಕೆಯಲ್ಲಿ ಅದರ ಅರ್ಥ ಯಾರೂ ಪಾಠ ಹೇಳದೆ ಕಿವಿಗೆ ಬಿದ್ದು ಬಿದ್ದೇ ಕಲಿಯುವುದು. ಬೆಂಗಳೂರಿನ ಎಷ್ಟೋ ಆಟೊ ಚಾಲಕರು ತಮಿಳು, ತೆಲುಗು, ಹಿಂದಿ ಹೀಗೇ ಕಲಿತವರು: 'ಹಿ ಪಿಕ್ಡ್ ಅಪ್ ತಮಿಳ್ ಫ್ರಮ್ ಹಿಸ್ ಪ್ಯಾಸೆಂಜರ್ಸ್.' ತುಕ್ಕು ಹಿಡಿದ ವಿದ್ಯೆಗೆ ಮತ್ತೆ ಹೊಳಪು ಕೊಡುವುದು 'ಬ್ರಶ್ ಅಪ್ ಆನ್'. ರಜೆ ಹಾಕಿ ತಪ್ಪಿಸಿಕೊಂಡ ಪಾಠ ಮುಗಿಸಿಕೊಳ್ಳುವುದು 'ಕ್ಯಾಚ್ ಅಪ್ ಆನ್', ಮುಂದೆ ಹೋದ ಗೆಳೆಯರನ್ನು ಸೇರಿಕೊಳ್ಳುವುದು 'ಕ್ಯಾಚ್ ಅಪ್ ವಿತ್'. ಗಣಿತದಲ್ಲಿ ಚುರುಕು ಅನ್ನುವುದಕ್ಕೆ 'ಗುಡ್ ಅಟ್ ಮ್ಯಾಥ್ಸ್', ನಮ್ಮ 'ಅಲ್ಲಿ' ನೋಡಿ 'ಗುಡ್ ಇನ್' ಅಂತ ಹೋಗಬೇಡಿ.

ಹೆಜ್ಜೆ 7: ಪುಸ್ತಕ ಇಡಿ

ಇಷ್ಟನ್ನೂ ಒಂದೇ ದಿನ ತಲೆಗೆ ತುಂಬಲು ಹೋಗಬೇಡಿ. ಒಂದು ಇನ್ನೂರು ಪುಟದ ನೋಟ್‌ಬುಕ್ ತೆಗೆದುಕೊಳ್ಳಿ. ವಾರಕ್ಕೆ ಒಂದೇ ಕ್ರಿಯಾಪದ, ಅದಕ್ಕೆ ಒಂದು ಪುಟ. ಮೇಲೆ 'ಲರ್ನ್' ಅಂತ ಬರೆದು, ಎಡಗಡೆ ಕನ್ನಡದ ಪ್ರಶ್ನೆಗಳನ್ನು ಇಳಿಸಿ: ಏನನ್ನು, ಯಾರಿಂದ, ಏನು ಮಾಡಿ, ಯಾವುದರ ಬಗ್ಗೆ, ಎಷ್ಟು ಕಾಲದಿಂದ. ಬಲಗಡೆ ಪ್ರತಿಯೊಂದಕ್ಕೂ ನಿಮ್ಮ ಜೀವನದ ಒಂದು ನಿಜವಾದ ವಾಕ್ಯ ಬರೆಯಿರಿ. ಯಾರಿಂದ ಸೈಕಲ್ ಕಲಿತಿರಿ, ಯಾವ ಮೇಷ್ಟ್ರು ಲೆಕ್ಕ ಹೇಳಿಕೊಟ್ಟರು, ಅದೇ ಇರಲಿ. ಪಠ್ಯಪುಸ್ತಕದ ಉದಾಹರಣೆ ಮರೆತುಹೋಗುತ್ತದೆ, ಅಪ್ಪ ಹಿಂದಿನಿಂದ ಸೈಕಲ್ ಹಿಡಿದುಕೊಂಡು ಓಡಿದ್ದು ಮರೆಯುವುದಿಲ್ಲ.

ಸಂಶಯ ಬಂದರೆ ಇಂಗ್ಲಿಷ್ ಕಲಿಯುವವರಿಗೆಂದೇ ಮಾಡಿದ ಲರ್ನರ್ಸ್ ಡಿಕ್ಷನರಿ ನೋಡಿ. ಹಲವು ಫೋನಿನಲ್ಲೇ ಪುಕ್ಕಟೆ ಸಿಗುತ್ತವೆ. ಅರ್ಥ ಓದಿ ಮುಚ್ಚಿಬಿಡಬೇಡಿ. ಕೆಳಗಿನ ಉದಾಹರಣೆ ವಾಕ್ಯಗಳನ್ನು ಓದಿ, ಕ್ರಿಯಾಪದದ ಪಕ್ಕ ಯಾವ ಪ್ರಿಪೊಸಿಷನ್ ಕೂತಿದೆ ಅಂತ ಗಮನಿಸಿ. ಇಂಗ್ಲಿಷ್ ಕನ್ನಡ ನಿಘಂಟಿನಲ್ಲಿ ಅರ್ಥ ಚೆನ್ನಾಗಿ ಸಿಗುತ್ತದೆ, ಈ ಜೊತೆಗಾರರು ಅಷ್ಟಾಗಿ ಸಿಗುವುದಿಲ್ಲ.

ಈಗ ಪೆನ್ನು ಹಿಡಿಯಿರಿ. ಕೆಳಗಿನ ಐದನ್ನು ಇಂಗ್ಲಿಷಿಗೆ ತನ್ನಿ. ಉತ್ತರ ಆಮೇಲೆ ನೋಡಿ.

ನಾನು ಮೂರು ತಿಂಗಳಿಂದ ಡ್ರೈವಿಂಗ್ ಕಲಿಯುತ್ತಿದ್ದೇನೆ.
ಅಕ್ಕ ನನಗೆ ಹೊಲಿಗೆ ಹೇಳಿಕೊಟ್ಟಳು.
ತಮ್ಮ ಪಿಯುಸಿ ಪರೀಕ್ಷೆಗೆ ಓದುತ್ತಿದ್ದಾನೆ.
ರೇಡಿಯೊ ಕೇಳಿ ಕೇಳಿ ಹಿಂದಿ ಕಲಿತೆ.
ಈ ಕೆಲಸದ ವಿಷಯ ಗೆಳೆಯನೊಬ್ಬನಿಂದ ತಿಳಿಯಿತು.

ಉತ್ತರಗಳು:

'ಐ ಹ್ಯಾವ್ ಬೀನ್ ಲರ್ನಿಂಗ್ ಟು ಡ್ರೈವ್ ಫಾರ್ ತ್ರೀ ಮಂತ್ಸ್.'
'ಮೈ ಸಿಸ್ಟರ್ ಟಾಟ್ ಮಿ ಟು ಸೋ.'
'ಮೈ ಬ್ರದರ್ ಈಸ್ ಸ್ಟಡಿಯಿಂಗ್ ಫಾರ್ ದ ಪಿಯುಸಿ ಎಕ್ಸಾಮ್.'
'ಐ ಲರ್ನ್ಡ್ ಹಿಂದಿ ಬೈ ಲಿಸನಿಂಗ್ ಟು ದ ರೇಡಿಯೊ.'
'ಐ ಲರ್ನ್ಡ್ ಆಫ್ ದಿಸ್ ಜಾಬ್ ಫ್ರಮ್ ಅ ಫ್ರೆಂಡ್.'

ನಾಲ್ಕನೆಯದರಲ್ಲಿ 'ಲಿಸನಿಂಗ್' ಪಕ್ಕ ಇರುವ 'ಟು' ಬಿಟ್ಟಿದ್ದರೆ ನೋಟ್‌ಬುಕ್ಕಿನ ಮುಂದಿನ ಪುಟ 'ಲಿಸನ್'ಗೆ ಇರಲಿ.